ನಿಂತ ಗಾಡಿಯ ಚಕ್ರಕ್ಕೂ ಒಂದು ಅಡಿಭಾಗವಿರುತ್ತದೆ

ಮೈಸೂರಿನಲ್ಲಿ ಹಳೆಯ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳನ್ನು ಬಿಚ್ಚಿ, ಸರಿಪಡಿಸಿ, ಮತ್ತೆ ರಸ್ತೆಗಿಳಿಸುವುದು ನನ್ನ ಕಸುಬು. ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ 1996ರವರೆಗೆ ಇದೇ ಊರಿನ ಯಾದವಗಿರಿಯಲ್ಲಿ ನಡೆದದ್ದರಿಂದ ಈ ಗಾಡಿಗಳ ಬಿಡಿಭಾಗಗಳೂ, ಇವುಗಳ ಒಳಹೊರಗು ಬಲ್ಲ ಹಳೆಯ ಕೆಲಸಗಾರರೂ ಇಲ್ಲಿ ಇನ್ನೂ ಸಿಗುತ್ತಾರೆ. ಹಾಗಾಗಿ ದೂರದ ಜಿಲ್ಲೆಗಳಿಂದಲೂ ಗಾಡಿ ನೋಡಲು ಕರೆ ಬರುತ್ತದೆ. ಕರೆದವರೆಲ್ಲ ಎಂಜಿನ್ ಬಗ್ಗೆ ಕೇಳುತ್ತಾರೆ. ಚಕ್ರದ ಬಗ್ಗೆ ಕೇಳುವವರು ಕಡಿಮೆ. ಕೇಳಿದರೂ ‘ಕ್ರೋಮ್ ಮಾಡಿಸಿದರೆ ಸಾಕಲ್ಲವೇ’ ಎಂದಷ್ಟೇ. ನಾನೂ ಬಹಳ ಕಾಲ ಚಕ್ರಗಳನ್ನು ಕಣ್ಣಳತೆಯಲ್ಲೇ ನೋಡಿ ಖರ್ಚು ಹೇಳಿಬಿಡುತ್ತಿದ್ದೆ. ಆ ಅಭ್ಯಾಸ ಬಿಟ್ಟದ್ದು ಐದು ವರ್ಷಗಳ ಹಿಂದೆ, ತೀರ್ಥಹಳ್ಳಿ ಕಡೆಯ ಒಂದು ಕೊಟ್ಟಿಗೆಗೆ ಹೋಗಿಬಂದ ಮೇಲೆ.

ಅಡಿಕೆ ತೋಟದ ಮನೆ. ಹಳೆಯ ಮಾದರಿಯ ಜಾವಾ 250 ಕೊಟ್ಟಿಗೆಯ ಮೂಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ನಿಂತಿತ್ತು. “ಅಪ್ಪಯ್ಯ ಹೋದ ಮೇಲೆ ಯಾರೂ ಮುಟ್ಟಲಿಲ್ಲ ಮಾರಾಯ್ರೆ, ಹೇಗಿತ್ತೋ ಹಾಗೇ ಉಂಟು” ಎಂದರು ಮನೆಯವರು. ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದ ಗಾಡಿಯಾದರೂ ಸ್ಟ್ಯಾಂಡಿನ ಕಾಲುಗಳು ಮಣ್ಣಿನ ನೆಲದಲ್ಲಿ ಹೂತುಹೋಗಿ ಹಿಂದಿನ ಚಕ್ರವೂ ನೆಲಕ್ಕೆ ಕೂತಿತ್ತು. ಮುಂದಿನ ಚಕ್ರ ಬಾಗಿಲ ಕಡೆಗಿದ್ದು ಮಳೆಗಾಲದ ಎರಚಲನ್ನು ವರ್ಷವೂ ಹೊಡೆಸಿಕೊಂಡಿದ್ದರಿಂದ ಅದರ ರಿಮ್ ಪೂರ್ತಿ ಕಂದು ಬಣ್ಣಕ್ಕೆ ತಿರುಗಿತ್ತು. ಗೋಡೆಯ ಕಡೆಗಿದ್ದ ಹಿಂದಿನ ಚಕ್ರವು ಜಾವಾದ ಅಗಲವಾದ ಮಡ್‌ಗಾರ್ಡಿನ ಮರೆಯಲ್ಲಿದ್ದು, ಧೂಳು ಒರೆಸಿದಾಗ ಕ್ರೋಮ್ ಫಳಫಳ ಹೊಳೆಯಿತು.

ಅಲ್ಲಿ ನಾನು ಮಾಡಿದ ಮೊದಲ ಕೆಲಸವೇ ತಪ್ಪು ಕೆಲಸ. ನಾಲ್ಕು ಜನ ಸೇರಿ ತಳ್ಳಿದೆವು. ಡ್ರಮ್ಮಿಗೆ ಅಂಟಿಕೊಂಡಿದ್ದ ಬ್ರೇಕ್ ಶೂ ಟಕ್ಕೆಂದು ಬಿಟ್ಟುಕೊಂಡಿತು. ಗಾಡಿಯನ್ನು ಅಂಗಳಕ್ಕೆ ಉರುಳಿಸಿ ಪೈಪಿನ ನೀರು ಹಾಯಿಸಿ ತೊಳೆದು, ಬೆಳಕಿನಲ್ಲಿ ಚೆನ್ನಾಗಿ ಕಾಣುವಂತೆ ನಿಲ್ಲಿಸಿದೆವು. ಆಮೇಲೆ ನಾನು ಗಂಭೀರವಾಗಿ ಒಂದು ಸುತ್ತು ಹಾಕಿ, ಹಿಂದಿನ ರಿಮ್ ಉಳಿಯುತ್ತದೆ, ಮುಂದಿನದನ್ನು ಬದಲಿಸಬೇಕು ಎಂದು ತೀರ್ಪು ಕೊಟ್ಟೆ. ಊರಿಗೆ ಮರಳಿದ ಎರಡನೆಯ ದಿನವೇ ಹದಿನಾರು ಇಂಚಿನ ಹೊಸ ರಿಮ್ ಒಂದನ್ನು ತರಿಸಿಯೂ ಆಯಿತು.

ಗ್ಯಾರೇಜಿನಲ್ಲಿ ಟೈರ್ ಬಿಚ್ಚಿದಾಗ ವಿಷಯ ತಲೆಕೆಳಗಾಯಿತು. ಹಿಂದಿನ ಟೈರಿನ ಒಳಗಿಂದ ಒಂದು ಹಿಡಿಯಷ್ಟು ಕೆಂಪು ಪುಡಿ ಸುರಿಯಿತು. ರಿಮ್ಮಿನ ಒಳಗುಳಿಯಲ್ಲಿ, ಟ್ಯೂಬಿನ ಕೆಳಗೆ ಹಾಸುವ ರಬ್ಬರ್ ಪಟ್ಟಿಯನ್ನು ಎತ್ತಿದರೆ, ಸುಮಾರು ಒಂದು ಗೇಣು ಉದ್ದದ ಭಾಗ ಪದರ ಪದರವಾಗಿ ಎದ್ದಿತ್ತು. ದಬ್ಬಳದಿಂದ ಒತ್ತಿದಾಗ ಅದರ ಮೊನೆ ಒಂದು ಸ್ಪೋಕ್ ತೂತಿನ ಪಕ್ಕದಲ್ಲಿ ಸಲೀಸಾಗಿ ಆಚೆ ಬದಿಗೆ ಹೊರಟಿತು. ರಿಮ್ಮಿನ ಉಳಿದ ಭಾಗ ಹೊಸದರಂತಿತ್ತು. ಕಂದು ಬಣ್ಣದ ಮುಂದಿನ ರಿಮ್ಮಿನ ಒಳಗುಳಿಯಲ್ಲಾದರೋ ಅಲ್ಲಲ್ಲಿ ಚುಕ್ಕೆಗಳನ್ನು ಬಿಟ್ಟರೆ ಬೇರೇನೂ ಇರಲಿಲ್ಲ.

ಕಾರಣ ಯೋಚಿಸಿದರೆ ಸರಳವಾಗಿದೆ. ಓಡುವ ಚಕ್ರಕ್ಕೆ ಮೇಲು–ಕೆಳಗು ಎಂಬುದಿಲ್ಲ, ಆದರೆ ವರ್ಷಗಟ್ಟಲೆ ನಿಂತ ಚಕ್ರಕ್ಕೆ ಒಂದು ಅಡಿಭಾಗ ಖಾಯಂ ಆಗಿರುತ್ತದೆ. ಗಾಳಿ ಹೋದ ಟೈರಿನ ಪಕ್ಕಗಳು ಬಿರುಕು ಬಿಡುತ್ತವೆ, ವಾಲ್ವಿನ ತೂತಿನಿಂದಲೂ ಬಿರುಕುಗಳಿಂದಲೂ ತೇವ ಒಳಗಿಳಿಯುತ್ತದೆ, ಇಳಿದ ನೀರು ತಗ್ಗಿನ ಕಡೆಗೆ ಸೇರುತ್ತದೆ, ರಬ್ಬರ್ ಪಟ್ಟಿ ಅದನ್ನು ಒಣಗಲು ಬಿಡುವುದಿಲ್ಲ. ಅದರ ಮೇಲೆ, ವಿದ್ಯುಲ್ಲೇಪನ ಮಾಡುವಾಗ ಉಬ್ಬಿದ ಭಾಗಕ್ಕೆ ಲೋಹ ದಪ್ಪವಾಗಿ, ಗುಳಿಗಳಲ್ಲಿ ತೆಳುವಾಗಿ ಕೂರುತ್ತದೆ. ಆದ್ದರಿಂದ ನೋಡುವವರ ಕಣ್ಣಿಗೆ ಬೀಳುವ ಹೊರಮೈಗೆ ಎಷ್ಟು ರಕ್ಷಣೆಯಿದೆಯೋ ಅಷ್ಟು ರಕ್ಷಣೆ ನೀರು ನಿಲ್ಲುವ ಒಳಗುಳಿಗೆ ಮೊದಲಿನಿಂದಲೂ ಇರುವುದಿಲ್ಲ. ತುಕ್ಕು ಎಷ್ಟಿದೆ ಎಂಬುದಕ್ಕಿಂತ ಅದು ಎಲ್ಲಿದೆ ಎಂಬುದನ್ನೇ ನಾನು ಮೊದಲು ನೋಡಬೇಕಿತ್ತು. ಕೊಟ್ಟಿಗೆಯಲ್ಲಿ ಸೀಮೆಸುಣ್ಣದಿಂದ ಒಂದು ಗೀಟು ಎಳೆದು ನೆಲ ಮುಟ್ಟಿದ ಜಾಗವನ್ನು ಗುರುತಿಸಿಕೊಂಡಿದ್ದರೆ, ಅಲ್ಲೇ ಆ ಒಂದು ಗೇಣಿನ ಜಾಗದಲ್ಲಿ ಟೈರನ್ನು ಅಂಚಿನಿಂದ ಎಬ್ಬಿಸಿ ನೋಡಬಹುದಿತ್ತು. ತೊಳೆಯುವಾಗ ರಿಮ್ಮಿನ ಮೇಲಿದ್ದ ಕೆಸರಿನ ಮಟ್ಟದ ಗೆರೆಯೂ ಹೋಯಿತು. ಟೈರಿನ ಚಪ್ಪಟೆಯಾದ ಭಾಗವಾದರೂ ಹೇಳುತ್ತಲೇ ಇತ್ತು. ನಾನು ಕ್ರೋಮಿನ ಹೊಳಪು ನೋಡುತ್ತಿದ್ದೆ.

ಅಂದಿನಿಂದ ಯಾವ ಗಾಡಿಯನ್ನೂ ಗೀಟು ಎಳೆಯದೆ ಕದಲಿಸುವುದಿಲ್ಲ. ರಿಮ್ಮಿಗೂ ಟೈರಿಗೂ ಅಡ್ಡಲಾಗಿ ಗೀಟು ಬೀಳಬೇಕು, ಏಕೆಂದರೆ ಹಳೆಯ ಟೈರು ತಳ್ಳುವಾಗ ರಿಮ್ಮಿನ ಮೇಲೆ ಜಾರಿಬಿಡಬಹುದು. ಹಳೆಯ ಟೈರನ್ನು ಉಳಿಸುವ ಆಸೆಯನ್ನೂ ಬಿಟ್ಟಿದ್ದೇನೆ. ಕಲ್ಲಿನಂತಾದ ರಬ್ಬರನ್ನು ಲಿವರ್ ಹಾಕಿ ಎಬ್ಬಿಸಲು ಹೋದರೆ ಸರಿಯಿರುವ ರಿಮ್ಮಿನ ಅಂಚೂ ಸೊಟ್ಟಗಾಗುತ್ತದೆ. ಅದನ್ನು ಕತ್ತರಿಸಿ, ಅಂಚಿನ ತಂತಿಯನ್ನು ಗರಗಸದಿಂದ ಕೊಯ್ದು ತೆಗೆಯುವುದೇ ಮೇಲು.

ಹೊರಗಿನ ಕಂದು ಬಣ್ಣದ ವಿಷಯದಲ್ಲಿ ಒಂದು ಮಾತು. ಕ್ರೋಮ್ ಪದರದಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳೂ ಬಿರುಕುಗಳೂ ಇರುತ್ತವೆ, ಅವುಗಳ ಮೂಲಕ ಕೆಳಗಿನ ಉಕ್ಕಿನ ತುಕ್ಕು ಹೊರಗೆ ಹರಡಿ ಇಡೀ ಮೈಯನ್ನು ಬಳಿದಂತೆ ಕಾಣುತ್ತದೆ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಮುದುರಿ, ನೀರಿನಲ್ಲಿ ಅದ್ದಿ ಉಜ್ಜಿದರೆ ಈ ಬಣ್ಣ ಬಹುಪಾಲು ಹೋಗುತ್ತದೆ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆದುವಾದ್ದರಿಂದ ಗೀರು ಬೀಳುವುದಿಲ್ಲ. ಉಪ್ಪುಕಾಗದವನ್ನು ಮಾತ್ರ ಯಾರೂ ಮುಟ್ಟಬಾರದು. ಉಜ್ಜಿದ ಮೇಲೆ ಉಗುರಿಗೆ ತಗಲುವ ಗುಳಿಗಳು ಉಳಿದರೆ ಆಗ ಮರುಲೇಪನದ ಯೋಚನೆ ಮಾಡಬಹುದು. ಆದರೆ ಲೇಪನದವರು ಮೊದಲು ಆಮ್ಲದಲ್ಲಿ ಹಳೆಯ ಪದರ ಕಳೆದು, ಆಮೇಲೆ ಗುಳಿಗಳ ತಳದವರೆಗೆ ಪಾಲಿಶ್ ಹೊಡೆಯುತ್ತಾರೆ; ಅಂದರೆ ಉಕ್ಕು ಇನ್ನಷ್ಟು ತೆಳುವಾಗುತ್ತದೆ. ತೆಳುವಾದ ರಿಮ್ಮಿಗೆ ಕ್ರೋಮ್ ಬಲ ಕೊಡುವುದಿಲ್ಲ, ಬರೀ ಮೆರುಗು ಕೊಡುತ್ತದೆ.

ಸ್ಪೋಕುಗಳ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ಈ ಚಕ್ರದಲ್ಲಿ ಮೂವತ್ತಾರು ಕಡ್ಡಿಗಳಿವೆ, ಮತ್ತು ಅವು ಭಾರ ಹೊರುವುದು ಕಂಬದಂತೆ ಒತ್ತಿಹಿಡಿದು ಅಲ್ಲ, ಬಿಗಿಯಾಗಿ ಎಳೆದುಕೊಂಡು. ಗಾಡಿಯ ಭಾರ ಬಿದ್ದಾಗ ಕೆಳಗಿರುವ ಕಡ್ಡಿಗಳ ಬಿಗಿತ ಸ್ವಲ್ಪ ಸಡಿಲುತ್ತದೆ, ಚಕ್ರ ಉರುಳಿ ಅವು ಮೇಲೆ ಹೋದಾಗ ಮತ್ತೆ ಬಿಗಿಯುತ್ತದೆ. ಪ್ರತಿ ಸುತ್ತಿಗೂ ಪ್ರತಿ ಕಡ್ಡಿ ಈ ಸಡಿಲು–ಬಿಗಿಗೆ ಒಳಗಾಗುತ್ತದೆ. ಅದಕ್ಕೇ ಕಡ್ಡಿಗಳು ನಡುವೆ ಮುರಿಯುವುದು ಅಪರೂಪ. ಹಬ್ಬಿನ (ಚಕ್ರದ ನಡುಗುಂಬದ) ಬಳಿಯ ಬಾಗಿನಲ್ಲಿ ಅಥವಾ ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್ ಎಂಬ ಪುಟ್ಟ ನಟ್ಟಿನ ಹತ್ತಿರದ ಮರೆಯಲ್ಲಿ (ತಿರುಪಿನ ಗೆರೆಗಳಲ್ಲಿ) ಮುರಿಯುತ್ತವೆ. ನಡುವಿನ ತುಕ್ಕನ್ನು ನೋಡಿ ಗಾಬರಿಯಾಗುವವರು ಆ ಎರಡು ತುದಿಗಳನ್ನು ಒರೆಸಿ ನೋಡುವುದೇ ಇಲ್ಲ. ತುಕ್ಕು ತಾನು ತಿಂದ ಉಕ್ಕಿಗಿಂತ ಹಲವು ಪಟ್ಟು ಉಬ್ಬಿಕೊಳ್ಳುವುದರಿಂದ ನೋಟಕ್ಕೆ ಹಾನಿ ಹೆಚ್ಚಾಗಿಯೇ ಕಾಣುತ್ತದೆ. ಆದ್ದರಿಂದ ಕೆರೆದು, ವರ್ನಿಯರ್ ಅಳತೆಗೋಲಿನಿಂದ ಅದೇ ಕಡ್ಡಿಯ ಒಳ್ಳೆಯ ಭಾಗವನ್ನೂ ಸವೆದ ಭಾಗವನ್ನೂ ಅಳೆಯುತ್ತೇನೆ. ದಪ್ಪ ಹತ್ತರಲ್ಲಿ ಒಂದು ಪಾಲು ಕಡಿಮೆಯಾಗಿದ್ದರೆ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು ಐದರಲ್ಲಿ ಒಂದು ಪಾಲು ಹೋಗಿರುತ್ತದೆ. ಅಂಥ ಕಡ್ಡಿಯನ್ನು ನಾನು ಮತ್ತೆ ಹಾಕುವುದಿಲ್ಲ. ಬಾಗಿನಲ್ಲಿ ಗುಳಿ ಕಂಡರಂತೂ ಅಳತೆಯ ಮಾತೇ ಇಲ್ಲ.

ಪಾನಾದಿಂದ ಕಡ್ಡಿಗಳನ್ನು ತಟ್ಟಿ ಸದ್ದು ಕೇಳುವ ಹಳೆಯ ಪದ್ಧತಿಯೊಂದಿದೆ. ಬಿಗಿಯಾದದ್ದು ಟಿಣ್ ಎನ್ನುತ್ತದೆ, ಸಡಿಲವಾದದ್ದು ಟಪ್ ಎನ್ನುತ್ತದೆ. ಒಳ್ಳೆಯ ಪದ್ಧತಿಯೇ, ಆದರೆ ಬಹಳ ಕಾಲ ನಿಂತ ಗಾಡಿಯಲ್ಲಿ ಅದು ಮೋಸ ಮಾಡುತ್ತದೆ: ನಿಪ್ಪಲ್ಲಿನೊಳಗೆ ಮರೆ ತುಕ್ಕು ಹಿಡಿದು ಕಚ್ಚಿಕೊಂಡ ಕಡ್ಡಿಯೂ ಟಿಣ್ ಎಂದೇ ನುಡಿಯುತ್ತದೆ. ಅದನ್ನು ತಿಳಿಯಲು ಬೇರೆ ದಾರಿ ಬೇಕು. ತುಕ್ಕು ಬಿಡಿಸುವ ಎಣ್ಣೆಯನ್ನು ಎರಡು ಕಡೆಯಿಂದಲೂ ಬಿಟ್ಟು ಎರಡು ಮೂರು ದಿನ ಇಡುತ್ತೇನೆ, ಪ್ರತಿ ಕಡ್ಡಿಯ ಮೇಲೆ ಬಿಳಿ ಬಣ್ಣದ ಚುಕ್ಕೆ ಇಡುತ್ತೇನೆ, ಆಮೇಲೆ ನಿಪ್ಪಲ್ಲನ್ನು ಕಾಲು ಸುತ್ತು ಸಡಿಲಿಸಲು ನೋಡುತ್ತೇನೆ. ಚುಕ್ಕೆ ಇದ್ದಲ್ಲೇ ಇದ್ದರೆ ನಿಪ್ಪಲ್ ತಿರುಗಿದೆ. ಚುಕ್ಕೆಯೂ ತಿರುಗಿದರೆ ಕಡ್ಡಿ ತಿರುಚಿಕೊಳ್ಳುತ್ತಿದೆ, ಅಲ್ಲಿಗೆ ನಿಲ್ಲಿಸಬೇಕು. ಇಂಥವು ಮೂರು ನಾಲ್ಕಿದ್ದರೆ ಅವನ್ನಷ್ಟೇ ಬದಲಿಸಬಹುದು. ಅದಕ್ಕಿಂತ ಹೆಚ್ಚಿದ್ದರೆ ಪೂರ್ತಿ ಹೊಸ ಕಡ್ಡಿ ಹಾಕಿಸುವುದು ಲೇಸು, ಏಕೆಂದರೆ ತಿರುಗದ ನಿಪ್ಪಲ್ಲುಗಳ ಚಕ್ರದಲ್ಲಿ ಬೆಂಡ್ ತೆಗೆಯುವುದು ಸಾಧ್ಯವಿಲ್ಲ.

ಕೊಟ್ಟಿಗೆಯ ಜಾವಾದ ಹಿಂದಿನ ಚಕ್ರದಲ್ಲಿ ಇನ್ನೊಂದು ವಿಚಿತ್ರ ಕಂಡಿತು. ಅಡಿಭಾಗದ ಹಿತ್ತಾಳೆಯ ನಿಪ್ಪಲ್ಲುಗಳಲ್ಲಿ ಐದು ಉದ್ದುದ್ದ ಸೀಳಿದ್ದವು. ನನ್ನ ಪಾನಾದ ಬಲಕ್ಕೆ ಒಡೆದವೆಂದು ಮೊದಲು ಎಣಿಸಿದೆ, ಆದರೆ ಅವುಗಳಲ್ಲಿ ಎರಡನ್ನು ನಾನು ಮುಟ್ಟಿಯೇ ಇರಲಿಲ್ಲ. ನಮ್ಮಲ್ಲಿಗೆ ತಮ್ಮ ಯೆಜ್ಡಿ ತರುವ ನಿವೃತ್ತ ಲೋಹಶಾಸ್ತ್ರದ ಅಧ್ಯಾಪಕರೊಬ್ಬರಿಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಗಾಡಿ ದನಗಳ ಹತ್ತಿರ ಇತ್ತೇನಪ್ಪ?” ಗಂಜಲದಿಂದ ಹೊರಡುವ ಅಮೋನಿಯಾವು ಬಿಗಿತದಲ್ಲಿರುವ ಹಿತ್ತಾಳೆಯನ್ನು ತೇವದ ನೆರವಿನಿಂದ ಸೀಳುತ್ತದೆಯಂತೆ. ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆಯು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಿದ್ದ ಹಿತ್ತಾಳೆಯ ತೋಟಾಗಳು ಹೀಗೆಯೇ ತಾವಾಗಿ ಬಿರಿಯುತ್ತಿದ್ದವೆಂದೂ, ಅದಕ್ಕೆ ಲಾಯದ ಅಮೋನಿಯಾವೇ ಕಾರಣವೆಂಬುದು 1921ರಲ್ಲಿ ಪ್ರಕಟವಾಯಿತೆಂದೂ ಅವರು ವಿವರಿಸಿದರು. ಗಾಡಿ ಎಲ್ಲಿ ನಿಂತಿತ್ತು ಎಂಬ ಪ್ರಶ್ನೆಯನ್ನು ಎಷ್ಟು ವರ್ಷ ನಿಂತಿತ್ತು ಎಂಬುದಕ್ಕಿಂತ ಮೊದಲು ಕೇಳುವುದು ಆಗಿನಿಂದ ನನಗೆ ರೂಢಿಯಾಯಿತು.

ಹಬ್ಬಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಬೇರಿಂಗುಗಳನ್ನು ಪರೀಕ್ಷಿಸುತ್ತಾ ಕೂರದೆ ಬದಲಿಸಿಬಿಡುತ್ತೇನೆ, ಬೆಲೆ ಕಡಿಮೆ. ಬ್ರೇಕ್ ಡ್ರಮ್ಮಿನೊಳಗಿನ ಧೂಳನ್ನು ಮಾತ್ರ ಗಾಳಿ ಹೊಡೆದು ಊದಿಸಬಾರದು. ಆ ಕಾಲದ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು (ಉಸಿರಿನೊಳಗೆ ಹೋದರೆ ಹಾನಿ ಮಾಡುವ ಆಸ್ಬೆಸ್ಟಸ್) ಬಳಕೆಯಾಗುತ್ತಿತ್ತು, ಆದ್ದರಿಂದ ನೀರು ಚಿಮುಕಿಸಿ ಒದ್ದೆ ಬಟ್ಟೆಯಿಂದ ಒರೆಸುವಂತೆ ಹುಡುಗರಿಗೆ ಕಟ್ಟುನಿಟ್ಟಾಗಿ ಹೇಳಿದ್ದೇನೆ.

ತೀರ್ಥಹಳ್ಳಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದಾಗ ಅವರು ಬೇಸರಪಟ್ಟುಕೊಂಡದ್ದು ದುಡ್ಡಿಗಲ್ಲ. “ಮುಂದಿನದು ಅಪ್ಪಯ್ಯ ಓಡಿಸಿದ ಚಕ್ರವೇ ಉಳೀತಲ್ಲ, ಅಷ್ಟು ಸಾಕು” ಎಂದರು. ಮುಂದಿಗೆಂದು ತರಿಸಿದ್ದ ಹೊಸ ರಿಮ್ ಅಳತೆಯಲ್ಲೂ ತೂತುಗಳ ಕೋನದಲ್ಲೂ ಹಿಂದಿನ ಹಬ್ಬಿಗೆ ಹೊಂದುತ್ತದೆಯೇ ಎಂದು ಕಡ್ಡಿ ಪೋಣಿಸಿ ಖಚಿತಪಡಿಸಿಕೊಂಡ ಮೇಲೆ, ಹೊಸ ಕಡ್ಡಿಗಳನ್ನು ಹಾಕಿ ಹಿಂದಿನ ಚಕ್ರ ಕಟ್ಟಿದೆ. ಹೆಚ್ಚಾದ ಕೂಲಿಯನ್ನು ಬಿಲ್ಲಿಗೆ ಸೇರಿಸಲಿಲ್ಲ. ಮುಂದಿನ ಚಕ್ರದಲ್ಲಿ ಮೂರು ಕಡ್ಡಿಗಳನ್ನಷ್ಟೇ ಬದಲಿಸಿ, ರಿಮ್ಮಿಗೆ ಮರುಲೇಪನ ಮಾಡಿಸದೆ, ಉಳಿದ ಚುಕ್ಕೆಗಳ ಮೇಲೆ ಮೇಣ ತೀಡಿ ಬಿಟ್ಟೆ. ಮುನ್ನೂರು ಕಿಲೋಮೀಟರ್ ಓಡಿಸಿ ಅವರು ಗಾಡಿಯನ್ನು ಮರುಪರೀಕ್ಷೆಗೆ ತಂದಾಗ ಹೊಸ ಚಕ್ರದಲ್ಲಿ ನಾಲ್ಕು ನಿಪ್ಪಲ್ಲುಗಳನ್ನು ಕಾಲು ಸುತ್ತು ಬಿಗಿಯಬೇಕಾಯಿತು. ಹಳೆಯ ಚಕ್ರದಲ್ಲಿ ಒಂದನ್ನೂ ಮುಟ್ಟಬೇಕಾಗಲಿಲ್ಲ.