ಮಕ್ಕಳ ಗ್ರಾಫಿಕ್ ಕಾದಂಬರಿ: ಎರಡನೇ ಅಧ್ಯಾಯದ ಪೆನ್ಸಿಲ್ ಮುಗಿಯಿತು

ಎರಡನೇ ಅಧ್ಯಾಯದ ಪೆನ್ಸಿಲ್ ಕೆಲಸ ಪೂರ್ತಿ ಆಯಿತು. ಪುಸ್ತಕ 96 ಪುಟ, ಅಂದರೆ 16 ಪುಟದ ಆರು ಫಾರಂ (ಒಟ್ಟಿಗೆ ಅಚ್ಚಾಗಿ ಮಡಚುವ ದೊಡ್ಡ ಹಾಳೆ), ಕಥೆ ಎಷ್ಟೇ ಹಿಗ್ಗಿದರೂ ಇದರೊಳಗೇ ಕೂರಬೇಕು.

ಕಥೆ ಇಷ್ಟೇ. ಇಂಚರ, ನಿಧಿ ಚಿಕ್ಕಂದಿನಿಂದ ಗೆಳತಿಯರು. ಐದನೇ ತರಗತಿಗೆ ಬಂದ ಮೇಲೆ ಇಂಚರಳಿಗೆ, ಎಲ್ಲರೂ ಮಾತಾಡಿಸುವ ಆ ಗುಂಪಿಗೆ ತಾನೂ ಸೇರಬೇಕು ಅನ್ನೋ ಆಸೆ. ನಿಧಿಗೆ ಅದು ಬೇಕಿಲ್ಲ.

ಈ ಅಧ್ಯಾಯದಲ್ಲಿ ಇಂಚರ ನಿಧಾನವಾಗಿ ದೂರ ಸರಿಯುತ್ತಾಳೆ. ಇದನ್ನು ಮಾತಿನಲ್ಲಿ ಹೇಳಿಸಬಾರದು ಅಂತ ಮೊದಲೇ ತೀರ್ಮಾನಿಸಿದ್ದೆ, ಯಾಕಂದ್ರೆ ಹತ್ತು ವರ್ಷದ ಮಗು ಗೆಳತಿಯನ್ನು ಹೇಳಿ ಬಿಡೋದಿಲ್ಲ, ಸುಮ್ನೆ ಬೇರೆ ಬೆಂಚಿನಲ್ಲಿ ಹೋಗಿ ಕೂರುತ್ತದೆ. ಹಾಗಾಗಿ ಆ ಕೆಲಸವನ್ನು ಚೌಕಟ್ಟುಗಳಿಗೇ ಕೊಟ್ಟೆ. ಮೊದಲ ಪುಟದಲ್ಲಿ ಇಬ್ಬರೂ ಚೌಕದ ನಡುವೆ, ಭುಜಕ್ಕೆ ಭುಜ ತಾಗಿಸಿಕೊಂಡು ಇದ್ದಾರೆ. ಪುಟ ಮುಂದೆ ಹೋದಂತೆ ನಿಧಿ ಅಂಚಿಗೆ ಸರಿಯುತ್ತಾಳೆ, ಆಮೇಲೆ ಅವಳ ಮುಖ ಅರ್ಧಕ್ಕೇ ಕಟ್ ಆಗುತ್ತದೆ. ಊಟದ ಬಿಡುವಿನ ದೃಶ್ಯದಲ್ಲಿ ಇಂಚರಳ ಸುತ್ತ ಎಲ್ಲರೂ ನಗುತ್ತಿದ್ದಾರೆ. ಎಡಗಡೆ ಅಂಚಿನಲ್ಲಿ ಕಾಣೋದು ನಿಧಿಯ ಮೊಣಕೈ, ಮುಚ್ಚಿದ ಊಟದ ಡಬ್ಬಿ ಮಾತ್ರ. ಈ ಚಿತ್ರ ನನಗೆ ತುಂಬಾ ಇಷ್ಟವಾಗಿದೆ.

ಗುಂಪಿನ ಸಾನ್ವಿಯನ್ನು ಕೆಟ್ಟವಳಾಗಿ ತೋರಿಸಿಲ್ಲ. ಅವಳಿಗೂ ತನ್ನ ಜಾಗ ಎಲ್ಲಿ ಹೋಗುತ್ತೋ ಅನ್ನೋ ಭಯ ಇದೆ, ಅದಕ್ಕೇ ಏನಾದರೂ ಹೇಳುವ ಮುಂಚೆ ಪ್ರತಿ ಸಲ ಒಮ್ಮೆ ಸುತ್ತ ನೋಡುತ್ತಾಳೆ. ಎಲ್ಲರಿಗೂ ಇಷ್ಟವಾಗಬೇಕು ಅನ್ನೋ ಆಸೆ ತಪ್ಪೇನಲ್ಲ ಅಲ್ವಾ? ಅದನ್ನೇ ಅಪರಾಧ ಮಾಡಿಬಿಟ್ಟರೆ ಓದುವ ಮಗು ತನಗೇ ಬೈಯುತ್ತಿದ್ದಾರೆ ಅಂದುಕೊಂಡು ಪುಸ್ತಕ ಮುಚ್ಚಿಡುತ್ತದೆ.

ಅಕ್ಷರಕ್ಕೆ ‘ಬಾಲೂ ತಮ್ಮ’ (Baloo Tamma) ಅನ್ನೋ ಫಾಂಟ್ ಇಟ್ಟುಕೊಂಡಿದ್ದೇನೆ. ದುಂಡಗಿದೆ, ಉಚಿತ. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ ಇರುವುದರಿಂದ ಸಾಲಿನ ನಡುವೆ ಜಾಸ್ತಿ ಜಾಗ ಬಿಡಬೇಕು, ಮಾತಿನ ಗುಳ್ಳೆ ಬೇಗ ದೊಡ್ಡದಾಗಿ ಚಿತ್ರವನ್ನೇ ಮುಚ್ಚಿಬಿಡುತ್ತದೆ. ಅದಕ್ಕೆ ಸಂಭಾಷಣೆ ಕತ್ತರಿಸುತ್ತಲೇ ಇದ್ದೇನೆ. ಪಿಸುಮಾತಿಗೆ ದೊಡ್ಡ ಗುಳ್ಳೆಯೊಳಗೆ ಪುಟ್ಟ ಅಕ್ಷರ. ಇದು ಚೆನ್ನಾಗಿ ಕೂತಿದೆ.

ಇನ್ನು ಮೂರನೇ ಅಧ್ಯಾಯ. ಗುಂಪನ್ನು ನಗಿಸೋಕೆ ಇಂಚರ ನಿಧಿಯ ಗುಟ್ಟೊಂದನ್ನು ಹೇಳಿಬಿಡುತ್ತಾಳೆ. ಆ ನಗು ಬಲಪುಟದ ಕೊನೆಯ ಚೌಕದಲ್ಲಿ ಬರಬೇಕು, ಪುಟ ತಿರುಗಿಸಿದ ಕೂಡಲೇ ಬಾಗಿಲಲ್ಲಿ ನಿಧಿ, ಇಡೀ ಪುಟದ ತುಂಬ, ಸರಿಯಾಗಿ ನಡುವೆ. ಅವಳ ಮುಖಭಾವ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಅಳು ಬೇಡ, ಬರೀ ಸಿಟ್ಟೂ ಸಾಲದು. ಅದು ಸರಿಹೋದ ಮೇಲೇ ಇಂಕಿಂಗ್, ಅಂದರೆ ಪೆನ್ಸಿಲ್ ಗೆರೆಗಳ ಮೇಲೆ ಶಾಯಿ ತಿದ್ದುವ ಕೆಲಸ, ಶುರು ಮಾಡುತ್ತೇನೆ.