ಬಾಗಿಲ ಸಂದು

1967ರ ಶೆವ್ರೊಲೆ ಕ್ಯಾಮರೋ ಕಾರು. ಇವತ್ತು ಒಂದು ಮೂಲೆಗೆ ಜಾಕ್ ಕೊಟ್ಟು ಎತ್ತಿದ್ರೆ ಬಾಗಿಲ ಸಂದು ಕಣ್ಣೆದುರೇ ಕಿರಿದಾಯ್ತು. ಬಾಡಿ ತಿರುಚ್ತಿದೆ.

ಇದಕ್ಕೆ ಉದ್ದಕ್ಕೂ ಚಾಸಿ ಇಲ್ಲ. ಇಂಜಿನ್ ಹೊರುವ ಮುಂದಿನ ಚೌಕಟ್ಟು (ಸಬ್‌ಫ್ರೇಮ್) ಬೋಲ್ಟಲ್ಲಿ ನಿಂತಿದೆ, ಹಿಂದಿನ ರೈಲು, ಅಂದ್ರೆ ಉದ್ದದ ಉಕ್ಕಿನ ತೊಲೆ, ಬಾಡಿಗೇ ಬೆಸೆದಿದೆ. ನಡುವೆ ತಗಡಿನ ನೆಲ, ಬಾಗಿಲ ಕೆಳಗಿನ ಅಂಚು (ರಾಕರ್) ಅಷ್ಟೇ. ಸಬ್‌ಫ್ರೇಮನ್ನೂ ಹಿಂದಿನ ರೈಲನ್ನೂ ಜೋಡಿಸೋ ಉಕ್ಕಿನ ತುಂಡೇ ಕನೆಕ್ಟರ್. ಬಿಗ್ ಬ್ಲಾಕ್, ಅಂದ್ರೆ ದೊಡ್ಡ ವಿ8 ಇಂಜಿನ್ ಇದ್ರೆ ಹಾಕ್ಲೇಬೇಕು ಅಂತೀನಿ.

ಮೊದಲು ಸ್ಕ್ರೂಡ್ರೈವರ್ ತಗೊಂಡು ರೈಲನ್ನ ಚುಚ್ಚಿ ನೋಡಿ. ತುಕ್ಕಿನ ಮೇಲೆ ಬೆಸುಗೆ ನಿಲ್ಲಲ್ಲ. ಬಾಡಿಗೂ ಸಬ್‌ಫ್ರೇಮ್‌ಗೂ ನಡುವಿನ ಸವೆದ ಬುಷ್ (ಮೆತ್ತೆ) ಬದಲಿಸಿ, ಸಬ್‌ಫ್ರೇಮ್ ನೇರ ಮಾಡಿ. ಬ್ಯಾಟರಿ ಕಳಚಿ, ಕಾರ್ಪೆಟ್ ತೆಗೀರಿ.

ವೆಲ್ಡ್ ಮಾಡುವಾಗ ಗಾಡಿಯ ಭಾರ ಚಕ್ರದ ಮೇಲೇ ಇರ್ಲಿ. ಚಕ್ರ ನೇತಾಡ್ತಿರುವಾಗ ಬೆಸೆದ್ರೆ ಆ ಸೊಟ್ಟ ಹಾಗೇ ಕೂತುಬಿಡುತ್ತೆ, ಆಮೇಲೆ ಬಾಗಿಲು ಸರಿಯಾಗಿ ಮುಚ್ಚಲ್ಲ. ಒಂದೊಂದೇ ಇಂಚು ಬೆಸೆಯಿರಿ, ಎಡ ಬಲ ಬದಲಿಸ್ತಾ, ತಗಡು ಕಾದು ಡೊಂಕಾಗದ ಹಾಗೆ.