ಹನ್ನೊಂದು ಜನ ಸೇರಿದ್ದು ಒಂದೇ ದಿನ

ಮಾರ್ಚ್ ಕೊನೆಯ ವಾರದಲ್ಲಿ ನಮ್ಮ ಕಾಲೇಜಿನಲ್ಲಿ ಎಲ್ಲರೂ ಒಂದೊಂದು ಫೈಲು ಮುಚ್ಚುತ್ತಾರೆ. ಈ ಸಲ ನಾನು ಮುಚ್ಚಬೇಕಾದದ್ದು ಫುಟ್‌ಬಾಲ್ ಫೈಲು. ಗುಲಾಬಿ ಬಣ್ಣದ ರಟ್ಟು, ಒಳಗೆ ನಲವತ್ತೊಂದು ವೋಚರು, ಅವುಗಳಲ್ಲಿ ಮೂರಕ್ಕೆ ಗದಗಿನ ಎರೆಮಣ್ಣು ಅಂಟಿದೆ. ಇಪ್ಪತ್ತೊಂದು ವರ್ಷದಿಂದ ಧಾರವಾಡದಲ್ಲಿ ಬಿ.ಕಾಂ. ಮಕ್ಕಳಿಗೆ ಲೆಕ್ಕಶಾಸ್ತ್ರ ಹೇಳಿಕೊಡುತ್ತಿರುವವಳು ನಾನು. ಆಟದ ಕಥೆಯನ್ನಾದರೂ ವೋಚರು ನೋಡಿಕೊಂಡೇ ಹೇಳುವ ಅಭ್ಯಾಸ ಬಿಟ್ಟುಹೋಗದು.

ಫುಟ್‌ಬಾಲಿಗೂ ನನಗೂ ಏನು ಸಂಬಂಧ ಎಂದು ಕೇಳಬೇಡಿ, ನಮ್ಮ ಅತ್ತೆಯವರನ್ನು ಕೇಳಿ. ಜೂನ್ ತಿಂಗಳ ಸಿಬ್ಬಂದಿ ಸಭೆಯ ದಿನವೇ ಅವರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಇತ್ತು. ಸಭೆಗೆ ಬಾರದವರ ತಲೆಗೆ ಉಳಿದ ಕಮಿಟಿ ಕಟ್ಟುವುದು ನಮ್ಮಲ್ಲಿ ಹಳೆಯ ಪದ್ಧತಿ. ದೈಹಿಕ ಶಿಕ್ಷಣ ನಿರ್ದೇಶಕರು ಮೇ ತಿಂಗಳಲ್ಲಿ ನಿವೃತ್ತರಾಗಿದ್ದರು, ಹುದ್ದೆ ಖಾಲಿ ಇತ್ತು. ಮರುದಿನ ನೋಟಿಸ್ ಬೋರ್ಡಿನಲ್ಲಿ ‘ಫುಟ್‌ಬಾಲ್ ತಂಡದ ಮ್ಯಾನೇಜರ್’ ಎಂಬುದರ ಮುಂದೆ ನನ್ನ ಹೆಸರಿತ್ತು. ಪ್ರಾಚಾರ್ಯರು, ‘ಮೇಡಂ, ನೀವು ಲೆಕ್ಕ ಇಟ್ಟರೆ ಸಾಕು, ಆಡುವವರು ಅವರು’ ಎಂದರು. ಆಗ ಅದು ಸುಳ್ಳು ಅನ್ನಿಸಲಿಲ್ಲ.

ಮನೆಗೆ ಹೋಗಿ ಆಟದ ನಿಯಮಗಳನ್ನು ಓದಿದೆ. ಒಟ್ಟು 17. 1961ರ ಆದಾಯ ತೆರಿಗೆ ಕಾಯಿದೆಯ 298 ಸೆಕ್ಷನ್ನುಗಳನ್ನು ಅರೆದು ಕುಡಿಸಿದವಳಿಗೆ 17 ಎಂದರೆ ಮಧ್ಯಾಹ್ನದ ಚಹಾ ಆರುವುದರೊಳಗಿನ ಕೆಲಸ. ಆದರೆ ಮೂರನೆಯ ನಿಯಮದ ಹತ್ತಿರ ನಿಂತೆ. ಒಂದು ತಂಡದಲ್ಲಿ ಏಳಕ್ಕಿಂತ ಕಡಿಮೆ ಆಟಗಾರರಿದ್ದರೆ ಪಂದ್ಯ ಆರಂಭಿಸುವಂತಿಲ್ಲ, ಮುಂದುವರಿಸುವಂತಿಲ್ಲ. ಹನ್ನೊಂದು ಜನರ ಆಟದಲ್ಲಿ ಏಳರ ಮಾತು ಯಾಕೆ ಬಂತು ಎಂದು ಆಗ ಹೊಳೆಯಲಿಲ್ಲ.

ಜುಲೈ ಆಯ್ಕೆಗೆ ಮೂವತ್ನಾಲ್ಕು ಹುಡುಗರು ಬಂದರು. ಸ್ಟಡ್ ಇರುವ ಬೂಟು ಇದ್ದದ್ದು ಹತ್ತೊಂಬತ್ತು ಜನರಿಗೆ. ಉಳಿದವರು ಕ್ಯಾನ್ವಾಸ್ ಬೂಟು, ಒಬ್ಬ ಬರಿಗಾಲು. ಬರಿಗಾಲಿನವನೇ ಎಲ್ಲರಿಗಿಂತ ವೇಗವಾಗಿ ಓಡಿದ. ಕಲಘಟಗಿ ಕಡೆಯ ಹುಡುಗ, ಬಿ.ಎ. ಎರಡನೆಯ ವರ್ಷ, ಬಲ ವಿಂಗ್, ಅಂದರೆ ಬಲ ಅಂಚಿನಲ್ಲಿ ಓಡಿ ಮುನ್ನುಗ್ಗುವವನು. ಹಿಂದಿನ ವರ್ಷ ಕಾಲೇಜು ಮುಗಿಸಿದವನೊಬ್ಬ ಬಿಟ್ಟುಹೋಗಿದ್ದ ಎಂಟನೆಯ ನಂಬರಿನ ಬೂಟು ಇವನಿಗೆ ಸಿಕ್ಕಿತು. ಕಾಲು ಏಳು ನಂಬರು. ತುದಿಗೆ ಹತ್ತಿ ತುರುಕಿಕೊಂಡು ಇಡೀ ಸೀಸನ್ ಆಡಿದ.

ಇನ್ನು ಮೈದಾನ. ನಮ್ಮ ಮೈದಾನದಲ್ಲಿ ಜುಲೈ, ಆಗಸ್ಟ್ ಎರಡೂ ತಿಂಗಳು ಪೂರ್ವದ ಗೋಲಿನ ಮುಂದೆ ನೀರು ನಿಲ್ಲುತ್ತದೆ. ಧಾರವಾಡದ ಮಳೆ ಹೊಡೆಯುವ ಮಳೆಯಲ್ಲ, ಜಿಟಿಜಿಟಿ ಹಿಡಿದರೆ ವಾರಗಟ್ಟಲೆ ಬಿಡದ ಮಳೆ. ಬೆಳಿಗ್ಗೆ ಸುಣ್ಣದ ಗೆರೆ ಎಳೆದರೆ ಸಂಜೆಗೆ ಗೆರೆಯೇ ಇಲ್ಲ. ಒಂದೇ ತಿಂಗಳಲ್ಲಿ ಆರು ಚೀಲ ಸುಣ್ಣ ಹೋಯಿತು. ‘ಒಂದೇ ಮೈದಾನಕ್ಕೆ ಇಷ್ಟು ಸುಣ್ಣ ಏಕೆ? ವಿವರಣೆ ನೀಡಿ’ ಎಂದು ಕಾಲೇಜಿನ ಕಚೇರಿಯಿಂದ ವೋಚರು ವಾಪಸು ಬಂತು. ‘ಮಳೆ’ ಎಂದಷ್ಟೇ ಬರೆದು ಸಹಿ ಮಾಡಿ ಕಳುಹಿಸಿದೆ. ಬಾಳೆಹಣ್ಣಿನ ವೋಚರಿಗೆ ರೆವಿನ್ಯೂ ಸ್ಟ್ಯಾಂಪು ಅಂಟಿಸಿಲ್ಲ ಎಂಬುದು ಮುಂದಿನ ಆಕ್ಷೇಪ. ಮೊತ್ತ 180 ರೂಪಾಯಿ. ಸ್ಟ್ಯಾಂಪು ಬೇಕಾಗುವುದು 5,000 ರೂಪಾಯಿ ದಾಟಿದ ರಸೀದಿಗೆ. ಪ್ರತಿ ವರ್ಷ ಇದನ್ನೇ ಪಾಠ ಮಾಡುವವಳಿಗೆ ಈ ಪ್ರಶ್ನೆ! ಕೈಗಾಡಿಯ ಅಜ್ಜನಿಂದ ಬಿಳಿ ಹಾಳೆಯ ಮೇಲೆ ಸಹಿ ಮಾಡಿಸಿದ್ದೇ ಹೆಚ್ಚು.

ಆಗಸ್ಟಿನ ಎರಡು ಸ್ನೇಹಪಂದ್ಯಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 0-4, 1-3. ಮೊದಲನೆಯದಕ್ಕೆ ಗೋಲ್‌ಕೀಪರ್ ಬರಲಿಲ್ಲ, ಅಕ್ಕನ ನಿಶ್ಚಿತಾರ್ಥ. ಎರಡನೆಯದಕ್ಕೆ ಎದುರು ತಂಡದವರೇ ಇಬ್ಬರು ಹುಡುಗರನ್ನು ಎರವಲು ಕೊಟ್ಟರು. ನಮಗೆ ಬಂದ ಒಂದು ಗೋಲು ಹೊಡೆದದ್ದೂ ಆ ಎರವಲಿನವನೇ.

ಈಗ ಗದಗ. ಸೆಪ್ಟೆಂಬರ್ ಆರಂಭದಲ್ಲಿ ಅಂತರ ಕಾಲೇಜು ಪಂದ್ಯಾವಳಿ ಎಂದು ಪತ್ರ ಬಂದಾಗ ನನಗೆ ದಿನಾಂಕ ಮಾತ್ರ ಕಂಡಿತು, ಹೊಲ ಕಾಣಲಿಲ್ಲ. ನವಲಗುಂದ, ಅಣ್ಣಿಗೇರಿ ಸೀಮೆಯಲ್ಲಿ ಮುಂಗಾರಿನ ಹೆಸರು ಬೆಳೆ ಕೈಗೆ ಬರುವ ಹೊತ್ತು ಅದು. ಒಣಗಿದ ಕಾಯಿಯ ಮೇಲೆ ಎರಡು ದಿನ ಮಳೆ ಬಿದ್ದರೆ ಕಾಳು ಗಿಡದಲ್ಲೇ ಮೊಳಕೆಯೊಡೆಯುತ್ತದೆ. ನಮ್ಮ ಸ್ಟಾಪರ್, ಗೋಲಿನ ಮುಂದೆ ನಡುವೆ ನಿಂತು ತಡೆಯುವವನು, ನವಲಗುಂದದ ಕಡೆಯವನು. ಆರಡಿ ಆಳು, ನಾಲ್ಕೆಕರೆ ಎರೆ ಹೊಲ. ಹಿಂದಿನ ರಾತ್ರಿ ಫೋನ್ ಮಾಡಿದ: ‘ಮೇಡಂ, ಹೆಸರು ಬಿಡಿಸುವುದಿದೆ. ಆಳು ಸಿಗುತ್ತಿಲ್ಲ. ಅಪ್ಪ ಒಬ್ಬರೇ ಇದ್ದಾರೆ.’ ಏನು ಹೇಳಲಿ? ಫುಟ್‌ಬಾಲ್ ಬರುವ ವರ್ಷವೂ ಇರುತ್ತದೆ, ಈ ಹೆಸರು ಇರುವುದಿಲ್ಲ. ‘ಮುಗಿಸಿಕೊಂಡು ಬಾ’ ಎಂದೆ. ಒಬ್ಬ ಎನ್‌ಸಿಸಿ ಶಿಬಿರದಲ್ಲಿದ್ದ. ಇನ್ನಿಬ್ಬರಿಗೆ ಜ್ವರ. ಹದಿನಾಲ್ಕರ ಪಟ್ಟಿ ಹತ್ತಕ್ಕೆ ಇಳಿಯಿತು.

ಬೆಳಿಗ್ಗೆ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ರೈಲು. ಹುಬ್ಬಳ್ಳಿ ನಿಲ್ದಾಣದ 1,507 ಮೀಟರಿನ ಪ್ಲಾಟ್‌ಫಾರ್ಮು ಜಗತ್ತಿನಲ್ಲೇ ಉದ್ದವಾದದ್ದು ಎಂದು 2023ರಲ್ಲಿ ಉದ್ಘಾಟನೆಯಾದಾಗ ನಾವೆಲ್ಲ ಹೆಮ್ಮೆಪಟ್ಟೆವು. ಚೆಂಡಿನ ಚೀಲ ಹೊತ್ತು ಅದರ ಆ ತುದಿಗೆ ನಡೆಯುವಾಗ ಹೆಮ್ಮೆ ಕರಗುತ್ತದೆ. 105 ಮೀಟರಿನ ಮೈದಾನ ಲೆಕ್ಕ ಹಿಡಿದರೆ ಹದಿನಾಲ್ಕು ಮೈದಾನಗಳ ಉದ್ದ. ನಮ್ಮ ಬಲ ವಿಂಗ್, ಮೂವತ್ನಾಲ್ಕು ಜನರಲ್ಲಿ ಅತಿ ವೇಗದವನು, ಆ ಹದಿನಾಲ್ಕು ಮೈದಾನ ಓಡಿ ಬಂದು ಕೊನೆಯ ಬೋಗಿಯ ಬಾಲ ನೋಡಿದ. ಕಿಟಕಿಯಿಂದ ನಾನು ‘ಬಸ್ಸು ಹಿಡಿ!’ ಎಂದು ಕೂಗಿದೆ. ಒಂಬತ್ತು ಜನರೊಂದಿಗೆ ಗದಗಕ್ಕೆ ಹೋದೆವು.

ಆಗ ಮೂರನೆಯ ನಿಯಮದ ಏಳು ನೆನಪಾಯಿತು, ಅದರ ಜೊತೆಗಿನ ಇನ್ನೊಂದು ಸಾಲೂ ನೆನಪಾಯಿತು. ತಂಡ ಕಡಿಮೆ ಜನರೊಂದಿಗೆ ಆಟ ಶುರು ಮಾಡಿದರೆ, ತಡವಾಗಿ ಬಂದವನು ಮೈದಾನಕ್ಕೆ ಇಳಿಯಬಹುದು, ಆದರೆ ಆತನ ಹೆಸರು ಮೊದಲೇ ಕೊಟ್ಟ ಪಟ್ಟಿಯಲ್ಲಿ ಇರಬೇಕು. ನಾಯಕ ಇದ್ದ ಒಂಬತ್ತೇ ಹೆಸರು ಬರೆದು ಪಟ್ಟಿ ಕೊಡಲು ಹೊರಟಿದ್ದ. ಅದನ್ನು ಕಿತ್ತುಕೊಂಡು ಹದಿನಾಲ್ಕೂ ಹೆಸರು ಬರೆದೆ. ಹೊಲದಲ್ಲಿದ್ದವನ ಹೆಸರನ್ನೂ ಬಿಡಲಿಲ್ಲ.

ಮೈದಾನ ಎರೆಮಣ್ಣು. ಹಿಂದಿನ ದಿನ ಮಳೆಯಾಗಿತ್ತು. ಎರೆಮಣ್ಣಿನ ಬಗ್ಗೆ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು, ಮಳೆಗಾಲದಲ್ಲಿ ಹಿಡಿದ ಕಾಲನ್ನು ಬಿಡದ ಅಂಟು. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಸ್ಟಡ್‌ಗಳ ಸಂದು ತುಂಬಿ ಬೂಟು ಕಲ್ಲಿನಷ್ಟು ಭಾರವಾಗುತ್ತದೆ. ಆಟ ನಿಂತಾಗಲೆಲ್ಲ ಹುಡುಗರು ಗೆರೆಯ ಬಳಿ ಓಡಿಬಂದು ನನ್ನ ಕೈಚೀಲದ ಸ್ಟೀಲು ಸ್ಕೇಲಿನಿಂದ ಮಣ್ಣು ಕೆರೆದುಕೊಂಡು ಹೋಗುತ್ತಿದ್ದರು. ಇಪ್ಪತ್ತು ವರ್ಷ ಲೆಜರಿಗೆ ಗೆರೆ ಎಳೆದ ಸ್ಕೇಲು ಅದು.

ಒಂಬತ್ತು ಜನ ಹನ್ನೊಂದು ಜನರ ಎದುರು ಹೇಗೆ ನಿಂತರು ಎನ್ನುವುದು ಇಡೀ ವರ್ಷ ನಾನು ಕಂಡ ಅತಿ ಚೆಂದದ ನೋಟ. ಮುಂದೆ ಒಬ್ಬನೇ. ಉಳಿದ ಏಳು ಜನ ಎರಡು ಸಾಲಾಗಿ ಗೋಲಿನ ಮುಂದೆ. ಯಾರಿಗೆ ಯಾವ ಜಾಗ ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಪಕ್ಕದಲ್ಲಿ ಇನ್ನೊಬ್ಬನಿಲ್ಲ ಎಂಬುದು ಪ್ರತಿಯೊಬ್ಬನಿಗೂ ಗೊತ್ತಿತ್ತು. ಗೋಲ್‌ಕೀಪರ್ ಬಾಯಿಗೆ ಬಿಡುವಿರಲಿಲ್ಲ. ‘ಎಡಕ್ಕೆ! ನೀನೇ! ಬಿಡಬೇಡ!’ ಎಂದು ಕಿರುಚಿ ಕಿರುಚಿ ಮಧ್ಯಂತರದಲ್ಲಿ ಧ್ವನಿಯೇ ಬಿದ್ದುಹೋಗಿತ್ತು. ಎದುರಾಳಿಗಳು ಕೆಸರಿನಲ್ಲಿ ಚೆಂಡು ಉರುಳಿಸುತ್ತ ಸುಸ್ತಾದರು, ನಮ್ಮವರು ಸಿಕ್ಕಿದ್ದನ್ನು ಎತ್ತಿ ಬಿಸಾಡುತ್ತ ಉಳಿದರು. ಮೂವತ್ತೈದು ನಿಮಿಷಕ್ಕೆ 0-0.

ಎರಡನೆಯ ಅವಧಿ ಶುರುವಾಗಿ ಹತ್ತು ನಿಮಿಷವಾಗಿತ್ತು. ಗೇಟಿನಲ್ಲಿ ಬಲ ವಿಂಗ್ ಕಂಡ. ಅಣ್ಣಿಗೇರಿ ದಾಟಿದ ಮೇಲೆ ಬಸ್ಸಿನ ಚಕ್ರ ಪಂಕ್ಚರ್ ಆಗಿತ್ತಂತೆ. ಜರ್ಸಿ ಹಾಕಿ, ಹತ್ತಿ ತುರುಕಿ, ಗೆರೆಯ ಬಳಿ ನಿಂತ. ರೆಫರಿ ಪಟ್ಟಿ ನೋಡಿದರು, ಹೆಸರಿತ್ತು. ಬೂಟು ನೋಡಿದರು, ಸರಿ. ಕೈ ನೋಡಿದರು, ಬೆಳ್ಳಿಯ ಕಡಗ. ಆಭರಣ ತೊಟ್ಟು ಆಡುವಂತಿರಲಿಲ್ಲ, ಟೇಪು ಸುತ್ತಿ ಮುಚ್ಚುವಂತೆಯೂ ಇರಲಿಲ್ಲ. ಉಳವಿ ಜಾತ್ರೆಯಲ್ಲಿ ಅಜ್ಜಿ ಹಾಕಿಸಿದ ಕಡಗವಂತೆ, ಏಳನೆಯ ತರಗತಿಯಿಂದ ತೆಗೆದಿಲ್ಲ. ಕ್ಯಾಂಟೀನಿನಿಂದ ಪಾತ್ರೆ ತೊಳೆಯುವ ಸಾಬೂನು ತಂದು, ನಾನು ಮಣಿಕಟ್ಟು ಹಿಡಿದು, ಕ್ಯಾಂಟೀನಿನ ಅಕ್ಕ ಕಡಗ ಎಳೆದು, ಅಂತೂ ಜಾರಿಸಿದೆವು. ಅಜ್ಜಿಯ ಕಡಗ ನನ್ನ ಕೈಚೀಲ ಸೇರಿತು.

ಅವನು ಒಳಗೆ ಹೋದ ಮೇಲಿನ ನಾಲ್ಕನೆಯ ನಿಮಿಷ. ಬಲಗಡೆ ನಮಗೆ ಥ್ರೋ ಸಿಕ್ಕಿತು. ಎದುರಿನ ಬ್ಯಾಕ್‌ಗಳೆಲ್ಲ ಮುಂದಕ್ಕೆ ಬಂದಿದ್ದರು, ಇವನು ಅವರನ್ನು ದಾಟಿ ಐದಾರು ಗಜ ಆಚೆ ಒಬ್ಬನೇ ನಿಂತಿದ್ದ. ನಮ್ಮ ಮಧ್ಯದ ಹುಡುಗ ಚೆಂಡನ್ನು ಬ್ಯಾಕ್‌ಗಳ ತಲೆಯ ಮೇಲಿನಿಂದ ನೇರ ಅವನಿಗೇ ಎಸೆದ. ಒಂದು ಟಚ್, ಎರಡನೆಯದಕ್ಕೆ ಗೋಲು. ಆ ಕಡೆಯ ಬೆಂಚು ಪೂರ್ತಿ ಎದ್ದು ‘ಆಫ್‌ಸೈಡ್!’ ಎಂದು ಕೂಗಿತು, ಅಂದರೆ ಎದುರಿನ ಬ್ಯಾಕ್‌ಗಳನ್ನು ದಾಟಿ ನಿಂತು ಚೆಂಡು ಪಡೆದ ತಪ್ಪು. ಅವರ ತರಬೇತುದಾರರು ಗೆರೆ ದಾಟಿಯೇ ಬಂದರು. ನಾನು ಕುರ್ಚಿಯಲ್ಲಿ ಕುಳಿತೇ ಇದ್ದೆ. ಥ್ರೋ, ಗೋಲ್ ಕಿಕ್, ಕಾರ್ನರ್, ಈ ಮೂರರಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ, ಹನ್ನೊಂದನೆಯ ನಿಯಮ. ರೆಫರಿಗೂ ಅದು ಗೊತ್ತಿತ್ತು, ಮಧ್ಯದ ಗೆರೆ ತೋರಿಸಿದರು, ಗೋಲು ಖಾಯಂ. ಹಾಗೆ ನಿಲ್ಲಲು ಹುಡುಗನಿಗೆ ಹೇಳಿಕೊಟ್ಟವರು ಯಾರು ಎಂದು ಆಮೇಲೆ ಕೆಲವರು ಕೇಳಿದರು. ಆಗಸ್ಟಿನಲ್ಲಿ ಮಳೆಯಿಂದ ಅಭ್ಯಾಸ ನಿಂತ ಒಂದು ಸಂಜೆ ತರಗತಿಯ ಬೋರ್ಡಿನ ಮೇಲೆ ಚುಕ್ಕೆ ಹಾಕಿ ನಾನೇ ಹೇಳಿದ್ದೆ. ಅರ್ಧ ಜನ ಮೊಬೈಲ್ ನೋಡುತ್ತಿದ್ದರು. ಅವನು ನೋಡುತ್ತಿರಲಿಲ್ಲ ಎಂದು ಗದಗದಲ್ಲಿ ತಿಳಿಯಿತು.

1-0. ರಾತ್ರಿ ಖಾನಾವಳಿಯಲ್ಲಿ ಹತ್ತು ಹುಡುಗರು ತಿಂದ ಜೋಳದ ರೊಟ್ಟಿಯ ವೋಚರನ್ನು ಕಚೇರಿಯವರು ಎರಡು ಸಲ ಎಣಿಸಿದರು. ಹುಡುಗರು ಮೈದಾನದ ಪಕ್ಕದ ತರಗತಿಯಲ್ಲಿ ಬೆಂಚು ಜೋಡಿಸಿ ಮಲಗಿದರು, ನಾನು ಬೆಟಗೇರಿಯ ಚಿಕ್ಕಮ್ಮನ ಮನೆಗೆ ಹೋದೆ. ಅಲ್ಲಿಯೂ ನಿದ್ದೆ ಬರಲಿಲ್ಲ. ಐವತ್ತರ ಹತ್ತಿರ ಬಂದವಳಿಗೆ ಹೀಗೂ ಆಗುತ್ತದೆಯೇ ಎಂದು ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಸ್ಟಾಪರ್ ಅಪ್ಪನ ಮೋಟರ್‌ಸೈಕಲ್ಲಿನಲ್ಲಿ ಬಂದಿಳಿದ. ಉಗುರ ಸಂದಿಯಲ್ಲಿ ಇನ್ನೂ ಹೊಲದ ಮಣ್ಣಿತ್ತು. ಹೆಸರು ಮನೆ ಸೇರಿತ್ತು. ಎನ್‌ಸಿಸಿಯವನೂ ಶಿಬಿರ ಮುಗಿಸಿ ಬಂದ, ಜ್ವರದವರಲ್ಲಿ ಒಬ್ಬ ಎದ್ದು ಬಂದ. ಒಟ್ಟು ಹದಿಮೂರು. ಈ ಸೀಸನ್ನಿನ ಏಳು ಪಂದ್ಯಗಳಲ್ಲಿ ನಮ್ಮದೇ ಹನ್ನೊಂದು ಜನ ಮೈದಾನಕ್ಕಿಳಿದದ್ದು ಆ ದಿನ ಮಾತ್ರ. 0-4 ಸೋತೆವು.

ಎದುರಿನವರು ಉತ್ತರ ಕನ್ನಡದ ಕರಾವಳಿ ಕಡೆಯವರು. ಗೋವೆಯ ಗಡಿಗೆ ಅಂಟಿಕೊಂಡ ಊರುಗಳಲ್ಲಿ ಚೆಂಡು ನಮ್ಮಲ್ಲಿಗಿಂತ ಬೇಗ ಮಕ್ಕಳ ಕಾಲಿಗೆ ಬರುತ್ತದೆ. ನಾನು ಹಾಳೆಯಲ್ಲಿ ಗೀಟು ಹಾಕುತ್ತ ಕುಳಿತಿದ್ದೆ: ನಮ್ಮವರ ಕೈಯಲ್ಲಿ ಮೂರು ಪಾಸು ದಾಟಿದ್ದೇ ಅಪರೂಪ, ಅವರದು ಒಮ್ಮೆ ಹನ್ನೊಂದಕ್ಕೆ ಹೋಯಿತು. ಅವರು ನಮಗಿಂತ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಲ್ಕು ಗೋಲುಗಳಲ್ಲಿ ಎರಡು ಅವರದಲ್ಲ, ನಮ್ಮದು. ಎರಡರಲ್ಲೂ ನಮ್ಮ ಇಬ್ಬರು ಹುಡುಗರು ಚೆಂಡಿನ ಅಕ್ಕಪಕ್ಕ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನ ದಿನ ಆ ಜಾಗದಲ್ಲಿ ಒಬ್ಬನೇ ಇದ್ದ, ಅವನು ಹೋಗಿ ಹೊಡೆದಿದ್ದ. ಒಟ್ಟಿಗೆ ಅಭ್ಯಾಸವನ್ನೇ ಮಾಡದ ಹನ್ನೊಂದು ಜನ ಹಾಜರಿ ಪುಸ್ತಕಕ್ಕೆ ಮಾತ್ರ ಹನ್ನೊಂದು. ಇದು ಸ್ಟಾಪರ್ ಹುಡುಗನ ತಪ್ಪಲ್ಲ, ಹೆಸರಿನದೂ ಅಲ್ಲ. ರೈತರ ಮಕ್ಕಳೇ ತುಂಬಿದ ಕಾಲೇಜುಗಳ ಪಂದ್ಯಾವಳಿಗೆ ಸುಗ್ಗಿಯ ವಾರವನ್ನೇ ಆರಿಸುವ ವೇಳಾಪಟ್ಟಿಯ ಮೇಲೆ ಮಾತ್ರ ನನಗೆ ಸಿಟ್ಟಿದೆ. ಇನ್ನೆರಡು ವಾರ ತಡೆದಿದ್ದರೆ ಹೊಲ ಖಾಲಿಯಾಗುತ್ತಿತ್ತು.

ಸೆಮಿಸ್ಟರ್ ಪರೀಕ್ಷೆಯ ನಂತರ ಆಡಿದ ಮೂರು ಪಂದ್ಯಗಳಲ್ಲಿ ಒಂದು ಗೆಲುವು, ಒಂದು ಸೋಲು, ಹುಬ್ಬಳ್ಳಿಯ ರೈಲ್ವೆ ಕಾಲೊನಿಯ ಹುಡುಗರೊಂದಿಗೆ 1-1. ಆ ಕೊನೆಯದನ್ನು ನಾನು ಸರಿಯಾಗಿ ನೋಡಲಿಲ್ಲ. ನಮ್ಮ ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. ಭಾನುವಾರ ನನ್ನನ್ನು ಸೈಕಲ್ ಬಾರಿನ ಮೇಲೆ ಕೂರಿಸಿಕೊಂಡು ಅದೇ ಕಡೆ ಮ್ಯಾಚು ನೋಡಲು ಕರೆದೊಯ್ಯುತ್ತಿದ್ದರು. ನನಗೆ ಹುರಿದ ಶೇಂಗಾದ ಪೊಟ್ಟಣ, ಅವರಿಗೆ ಆಟ. 1968-69ರಲ್ಲಿ ಮೈಸೂರು ರಾಜ್ಯ ಸಂತೋಷ್ ಟ್ರೋಫಿ ಗೆದ್ದದ್ದನ್ನು ಅವರು ನಿನ್ನೆ ಮೊನ್ನೆ ಆದಂತೆ ಹೇಳುತ್ತಿದ್ದರು. 54 ವರ್ಷದ ನಂತರ, 2023ರ ಮಾರ್ಚಿನಲ್ಲಿ, ರಿಯಾದಿನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಮತ್ತೆ ಆ ಟ್ರೋಫಿ ಎತ್ತಿತು. ಅಪ್ಪ ಅಷ್ಟು ದಿನ ಕಾಯಲಿಲ್ಲ. ಶೇಂಗಾ ಮಾರುವವರು ಈಗಲೂ ಅಲ್ಲಿ ಬರುತ್ತಾರೆ. ಹತ್ತು ರೂಪಾಯಿಯದು ಕೊಂಡೆ, ವೋಚರು ಮಾಡಲಿಲ್ಲ.

ಬಲ ವಿಂಗ್ ವಿಶ್ವವಿದ್ಯಾಲಯದ ಆಯ್ಕೆ ಶಿಬಿರಕ್ಕೆ ಹೋಗಿ ಕಾಯ್ದಿರಿಸಿದ ಆಟಗಾರನಾಗಿ ಬೆಂಚಿನ ಮೇಲೆ ಕುಳಿತು ಬಂದ. ಕಡಗ ಮತ್ತೆ ಹಾಕಿಕೊಂಡಿಲ್ಲ. ಅಜ್ಜಿ ಬೈದರಂತೆ. ಸ್ಟಾಪರ್ ದೀಪಾವಳಿಗೆ ಮೊದಲು ನಮ್ಮ ಮನೆಗೆ ಬಂದು ಐದು ಸೇರು ಹೆಸರು ಕಾಳು ಇಟ್ಟು, ಒಳಗೆ ಬಾ ಎಂದರೂ ಬಾರದೆ ಓಡಿಹೋದ. ಅತ್ತೆಯವರು ಹೊಸ ಕಣ್ಣಿನಲ್ಲಿ ಆ ಕಾಳನ್ನು ಆರಿಸುತ್ತ, ‘ಒಂದು ಕಲ್ಲೂ ಇಲ್ಲ ನೋಡು’ ಎಂದು ಮೂರು ಸಲ ಹೇಳಿದರು. ಉಸುಳಿ ಮಾಡಿ ತಂಡಕ್ಕೆ ಒಯ್ದೆ.

ಕೊನೆಗೆ ದಾಸ್ತಾನು ಪುಸ್ತಕ. ಚೆಂಡು ಆರರಲ್ಲಿ ನಾಲ್ಕು ಇವೆ. ಒಂದು ಹರಿದಿದೆ, ಒಂದು ಪಕ್ಕದ ವಸತಿಗೃಹದ ತಾರಸಿಯ ಮೇಲಿದೆ, ಎಲ್ಲರಿಗೂ ಕಾಣುತ್ತದೆ, ತರಲು ಏಣಿ ಇಲ್ಲ. ಜರ್ಸಿ ಹದಿನಾರು. ಗೋಲ್‌ಕೀಪರ್ ಕೈಗವಸು ಒಂದು ಜೊತೆ, ಬಲಗೈಯದು ಹೊಲಿಸಿದ್ದು. ಬೂಟು ಮೂರು ಜೊತೆ. ಹೊಸ ನಿರ್ದೇಶಕರು ಬರುವವರೆಗೆ ನೀವೇ ನೋಡಿಕೊಳ್ಳಿ ಎಂದು ಪ್ರಾಚಾರ್ಯರು ಹೇಳಿದ್ದಾರೆ, ಈ ಸಲ ಸಭೆಯಲ್ಲಿ ನಾನು ಹಾಜರಿದ್ದಾಗಲೇ. ಜುಲೈಯಲ್ಲಿ ಮತ್ತೆ ಆಯ್ಕೆ ಇದೆ. ನಿಮ್ಮ ಮನೆಯಲ್ಲಿ ಏಳನೆಯ ನಂಬರಿನ ಸ್ಟಡ್ ಬೂಟು ಸುಮ್ಮನೆ ಬಿದ್ದಿದ್ದರೆ ಕಚೇರಿಗೆ ಕೊಡಬೇಡಿ, ನನ್ನ ಕೈಗೇ ಕೊಡಿ. ರಸೀದಿ ಕೊಡುತ್ತೇನೆ, ಸ್ಟ್ಯಾಂಪು ಬೇಕಿಲ್ಲ.